ಉಸಿರು ಹಿಡಿ ದೊಡ್ಡಪ್ಪ: ಅಲುಗಾಡುವ ಗಡ್ಡೆಗೆ ಗುರಿ ಇಟ್ಟವರ ಕತೆ

ಕತೆ ಶುರು ಮಾಡೋ ಮೊದಲು ಒಂದು ಸಣ್ಣ ಕೆಲಸ ಇದೆ. ಗಾಡಿ ಓಡಿಸ್ತಿರೋರು ಬಿಟ್ಟು ಉಳಿದವರೆಲ್ಲ ಒಂದು ಕೈಯನ್ನ ಪಕ್ಕೆಲುಬು ಮುಗಿಯೋ ಜಾಗದಲ್ಲಿ, ಹೊಟ್ಟೆಯ ಮೇಲ್ಭಾಗದಲ್ಲಿ ಇಟ್ಕೊಳ್ಳಿ. ಸುಮ್ಮನೆ ಉಸಿರಾಡಿ. ಕೈ ಮೇಲೇಳುತ್ತೆ, ಇಳಿಯುತ್ತೆ. ನಿಮಿಷಕ್ಕೆ ಸುಮಾರು 12ರಿಂದ 20 ಸಲ. ನಿದ್ದೆಯಲ್ಲೂ, ಪರೀಕ್ಷೆ ಹಾಲ್‌ನಲ್ಲೂ, ಜಗಳ ಆಡುವಾಗಲೂ ಇದು ನಡೆದೇ ಇರುತ್ತೆ. ನಾವು ಗಮನಿಸೋದೇ ಇಲ್ಲ.

ಈಗ ನಿಮ್ಮ ಕೈ ಕೆಳಗೆ, ಶ್ವಾಸಕೋಶದ ತಳಭಾಗದಲ್ಲಿ, ಒಂದು ನಿಂಬೆಹಣ್ಣಿನಷ್ಟು ಗಡ್ಡೆ ಇದೆ ಅಂದ್ಕೊಳ್ಳಿ. ನಿಮ್ಮ ಕೈ ಅಲುಗಿದ ಹಾಗೆ ಅದೂ ಅಲುಗುತ್ತೆ. ಹೊರಗಿನಿಂದ ಒಂದು ಯಂತ್ರ ಅದಕ್ಕೆ ಕಿರಣ ಬಿಟ್ಟು ಸುಡಬೇಕು. ಸುತ್ತ ಇರೋ ಒಳ್ಳೆ ಶ್ವಾಸಕೋಶ ಮಾತ್ರ ಸುಡಬಾರದು. ಹಾಗಾದ್ರೆ ಗುರಿ ಎಲ್ಲಿ ಇಡೋದು?

ಇವತ್ತಿನ ಸಂಚಿಕೆ ಈ ಪ್ರಶ್ನೆಯ ಚರಿತ್ರೆ. ನನಗೆ ಇದು ಪುಸ್ತಕದಿಂದ ಬಂದ ಪ್ರಶ್ನೆ ಅಲ್ಲ. ನನ್ನ ಫೋನಿನಲ್ಲಿ 2014ರಿಂದ ಒಂದು ಆಡಿಯೊ ಫೈಲ್ ಇದೆ. 42 ಸೆಕೆಂಡ್. ಮೂರು ಫೋನ್ ಬದಲಾಯಿಸಿದ್ರೂ ಅದನ್ನ ಅಳಿಸಿಲ್ಲ. ಅದರಲ್ಲಿ ಏನಿದೆ ಅಂತ ಆಮೇಲೆ ಹೇಳ್ತೀನಿ.

ನಮ್ಮೂರು ಆನಗೋಡು. ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ಹೋದವರಿಗೆ ಗೊತ್ತಿರುತ್ತೆ. ಶಾಲೆ ಮಕ್ಕಳನ್ನ ಕಿರು ಮೃಗಾಲಯ ತೋರಿಸೋಕೆ ಕರ್ಕೊಂಡು ಬರ್ತಾರಲ್ಲ, ಅದೇ ಊರು. ನಮ್ಮ ದೊಡ್ಡಪ್ಪ ಹರೆಯದಲ್ಲಿ ದಾವಣಗೆರೆಗೆ ಹೋಗಿ ಹತ್ತಿ ಗಿರಣಿಯೊಂದರಲ್ಲಿ ನೂಲಿನ ವಿಭಾಗ ಸೇರಿದ್ರು. ಆಗ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಾನೇ ಹೆಸರು. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಊರಿಗೆ ವಾಪಸ್ ಬಂದು ಮೆಕ್ಕೆಜೋಳ ಹಾಕಿದ್ರು. ಹದಿನಾರನೇ ವಯಸ್ಸಿಗೆ ಕೈಗೆ ಬಂದ ಬೀಡಿ ಮಾತ್ರ ಗಿರಣಿ ಮುಚ್ಚಿದ್ರೂ ಮುಚ್ಚಲಿಲ್ಲ.

2014ರಲ್ಲಿ ಕೆಮ್ಮು ನಿಲ್ಲದೇ ಹೋದಾಗ ಸ್ಕ್ಯಾನ್ ಮಾಡಿಸಿದ್ವಿ. ಬಲ ಶ್ವಾಸಕೋಶದ ಕೆಳಭಾಗದಲ್ಲಿ ಮೂರು ಸೆಂಟಿಮೀಟರ್ ಹತ್ತಿರದ ಗಡ್ಡೆ ಇತ್ತು, ಕ್ಯಾನ್ಸರ್. ಬೇರೆಲ್ಲೂ ಹರಡಿರಲಿಲ್ಲ, ಅದೊಂದು ಪುಣ್ಯ. ಆದ್ರೆ ಬೀಡಿ ತಿಂದುಹಾಕಿದ ಶ್ವಾಸಕೋಶ ಆಪರೇಷನ್ ತಡೆಯಲ್ಲ ಅಂದ್ರು. ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋಗಿ, ಐದೇ ಐದು ಸಲ ಜೋರಾದ ರೇಡಿಯೇಷನ್ ಕೊಡಿಸೋದು ಅಂತ ತೀರ್ಮಾನ ಆಯ್ತು.

ಅಲ್ಲಿ ವೈದ್ಯರು ಕಂಪ್ಯೂಟರ್ ಪರದೆ ನಮ್ಮ ಕಡೆ ತಿರುಗಿಸಿದ್ರು. ಕಪ್ಪು ಶ್ವಾಸಕೋಶ, ಒಳಗೆ ಬೂದು ಬಣ್ಣದ ಉಂಡೆ. ಆ ಉಂಡೆ ಮೇಲೆ ಕೆಳಗೆ ಜೀಕ್ತಾ ಇತ್ತು. "ಹನ್ನೊಂದು ಮಿಲಿಮೀಟರ್ ಓಡಾಡ್ತಿದೆ. ಅದೇ ನಮ್ಮ ತಲೆನೋವು," ಅಂದ್ರು. ದೊಡ್ಡಪ್ಪ ಪರದೆ ನೋಡಿ ನನ್ನ ಕಡೆ ತಿರುಗಿ, "ಉಸಿರಾಡಿದ್ರೆ ಅಲುಗದೇ ಇರ್ತದೇನಲೇ ತಮ್ಮಾ? ಅಲುಗೋದು ನಿಂತ್ರೆ ನಾನೂ ನಿಂತಂಗೆ," ಅಂದ್ರು. ವೈದ್ಯರೂ ನಕ್ಕರು. ಈ ವಿದ್ಯೆಯ ಚರಿತ್ರೆಯೆಲ್ಲ ದೊಡ್ಡಪ್ಪನ ಆ ಒಂದು ಮಾತಿನ ಸುತ್ತಾನೇ ತಿರುಗುತ್ತೆ ಅಂತ ನನಗೆ ತಿಳಿದದ್ದು ಆಮೇಲೆ ಓದ್ತಾ ಹೋದಾಗ.

ಸ್ವಲ್ಪ ಹಿಂದಕ್ಕೆ ಹೋಗೋಣ. 1895ರಲ್ಲಿ ಜರ್ಮನಿಯ ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದರು. ಒಂದೆರಡು ವರ್ಷದೊಳಗೇ ವೈದ್ಯರು ಹೊಳೆಯುವ ಪರದೆಯ ಮೇಲೆ ಬದುಕಿರೋ ಮನುಷ್ಯನ ಎದೆಯನ್ನ ನೋಡ್ತಿದ್ರು. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದ ಹಾಗಿರೋ ಸ್ನಾಯು ಇದೆ, ವಪೆ ಅಂತಾರೆ. ಅದು ಪ್ರತಿ ಉಸಿರಿಗೂ ಏರಿ ಇಳಿಯೋದು ಅವರ ಕಣ್ಣಿಗೆ ಕಾಣ್ತಿತ್ತು. ಅಂದ್ರೆ ಶ್ವಾಸಕೋಶದ ಒಳಗಿರೋದು ಅಲುಗುತ್ತೆ ಅನ್ನೋದು ಶುರುವಿನಿಂದಲೂ ಗೊತ್ತಿದ್ದ ವಿಷಯ. ಗೊತ್ತಿದ್ದೂ ಏನೂ ಮಾಡೋಕಾಗ್ತಿರಲಿಲ್ಲ.

1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್-60 ಯಂತ್ರದಿಂದ ಮೊದಲ ರೋಗಿಗಳಿಗೆ ಚಿಕಿತ್ಸೆ ಕೊಟ್ಟರು. ಮೈಯ ಆಳದವರೆಗೂ ಹೋಗಬಲ್ಲ ಕಿರಣ ಅದು. 1957ರಲ್ಲಿ ಮದ್ರಾಸಿನ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿಗೆ ಕೋಬಾಲ್ಟ್ ಯಂತ್ರ ಬಂತು. ನಮ್ಮ ರಾಜ್ಯದಲ್ಲಿ 1973ರಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಶುರುವಾಯ್ತು. ನಮ್ಮ ಕಡೆ ಹಳ್ಳಿಗಳಲ್ಲಿ ಇವತ್ತಿಗೂ "ಕಿದ್ವಾಯಿಗೆ ಹೋಗ್ಯಾರೆ" ಅಂದ್ರೆ ಸಾಕು, ಕಾಯಿಲೆ ಹೆಸರು ಹೇಳೋದೇ ಬೇಡ.

ಆ ಕಾಲದಲ್ಲಿ ಅಲುಗಾಟಕ್ಕೆ ಇದ್ದ ಉತ್ತರ ಒಂದೇ: ಗುರಿಯನ್ನ ದೊಡ್ಡದು ಮಾಡು. ಗಡ್ಡೆ ಎಲ್ಲೆಲ್ಲಿ ಹೋಗಬಹುದೋ ಅಷ್ಟೂ ಜಾಗಕ್ಕೆ ಕಿರಣ ಬಿಡು. ಕೇಳೋಕೆ ಸುಲಭ. ಲೆಕ್ಕ ಹಾಕಿ ನೋಡಿ. ಮೂರು ಸೆಂಟಿಮೀಟರ್ ಅಗಲದ ದುಂಡನೆ ಗಡ್ಡೆ ಅಂದ್ರೆ ಸುಮಾರು 14 ಘನ ಸೆಂಟಿಮೀಟರ್. ಸುತ್ತಲೂ ಅರ್ಧ ಸೆಂಟಿಮೀಟರ್ ಅಂಚು ಬಿಟ್ಟರೆ ಅದು ಸುಮಾರು 34 ಆಗುತ್ತೆ. ಒಂದೂವರೆ ಸೆಂಟಿಮೀಟರ್ ಬಿಟ್ಟರೆ 113! ನಿಂಬೆಹಣ್ಣು ಸುಡೋಕೆ ಹೋಗಿ ಕಿತ್ತಳೆಹಣ್ಣಿನಷ್ಟು ಜಾಗ ಸುಟ್ಟ ಹಾಗೆ. ಉಳಿದದ್ದೆಲ್ಲ ಒಳ್ಳೆ ಶ್ವಾಸಕೋಶ. ಅದು ಹಾಳಾಗಬಾರದು ಅಂತ ಕಿರಣದ ಪ್ರಮಾಣ ಇಳಿಸಬೇಕಾಗ್ತಿತ್ತು. ಇಳಿಸಿದ್ರೆ ಗಡ್ಡೆ ಸಾಯ್ತಿರಲಿಲ್ಲ. ದಶಕಗಳ ಕಾಲ ಶ್ವಾಸಕೋಶದ ರೇಡಿಯೇಷನ್ ಸಿಕ್ಕಿಹಾಕ್ಕೊಂಡಿದ್ದು ಈ ಇಕ್ಕಟ್ಟಿನಲ್ಲಿ.

ಇಲ್ಲಿ ಒಂದು ವಿಷಯ ಗಮನಿಸಿ. ಮೈಯೊಳಗೆ ತಾನಾಗೇ ನಡೆಯೋ ಚಲನೆಗಳು ಹಲವು: ಹೃದಯ ಬಡಿಯುತ್ತೆ, ಕರುಳು ಆಡುತ್ತೆ. ನಾವು ಹೇಳಿದ್ರೆ ಅವು ಕೇಳಲ್ಲ. ಉಸಿರು ಮಾತ್ರ ತಾನಾಗಿಯೂ ನಡೆಯುತ್ತೆ, ಹೇಳಿದ್ರೆ ಸ್ವಲ್ಪ ಹೊತ್ತು ಕೇಳುತ್ತೆ ಕೂಡ. ಈ ವ್ಯತ್ಯಾಸವನ್ನ ಅಳೆದ ಕತೆಯಲ್ಲಿ ನಮ್ಮ ಪಕ್ಕದ ಜಿಲ್ಲೆಯವರೇ ಒಬ್ಬರಿದ್ದಾರೆ.

ಯೋಗಗುರು ತಿರುಮಲೈ ಕೃಷ್ಣಮಾಚಾರ್ಯ ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಮುಂದೆ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸಿದರು. ಬಿ.ಕೆ.ಎಸ್. ಅಯ್ಯಂಗಾರ್ ಅವರ ಗುರು ಇವರೇ. 1935ರಲ್ಲಿ ಫ್ರಾನ್ಸಿನ ಹೃದಯತಜ್ಞೆ ಥೆರೆಸ್ ಬ್ರಾಸ್ ಇಸಿಜಿ ಯಂತ್ರ ಹೊತ್ತು ಭಾರತಕ್ಕೆ ಬಂದರು. ಅವರು ಪರೀಕ್ಷಿಸಿದ ಯೋಗಿಗಳಲ್ಲಿ ಕೃಷ್ಣಮಾಚಾರ್ಯರೂ ಒಬ್ಬರು. ಯೋಗಿಗಳು ಹೃದಯವನ್ನೇ ನಿಲ್ಲಿಸಬಲ್ಲರು ಅನ್ನೋ ಮಾತು ಜಗತ್ತೆಲ್ಲ ಹರಡಿತು. 1961ರಲ್ಲಿ ವೆಂಗರ್, ಬಾಗ್ಚಿ, ಆನಂದ್ ಎಂಬ ಮೂವರು ಸಂಶೋಧಕರು ಇಂಥ ಯೋಗಿಗಳನ್ನ ಮತ್ತೆ ಪರೀಕ್ಷಿಸಿದ್ದನ್ನ ಪ್ರಕಟಿಸಿದರು. ಉಸಿರು ಹಿಡಿದು ಎದೆ, ಹೊಟ್ಟೆಯ ಸ್ನಾಯುಗಳನ್ನ ಬಿಗಿದಾಗ ನಾಡಿಯೂ ಎದೆಬಡಿತದ ಸದ್ದೂ ಸಿಗದಷ್ಟು ಸಣ್ಣದಾಗ್ತಿತ್ತು, ನಿಜ. ಆದರೆ ಇಸಿಜಿಯ ಗೆರೆ ನಿಂತಿರಲಿಲ್ಲ. ಹೃದಯ ತನ್ನ ಪಾಡಿಗೆ ಬಡೀತಾನೇ ಇತ್ತು.

ಇವರ್ಯಾರೂ ಕ್ಯಾನ್ಸರ್ ಬಗ್ಗೆ ಯೋಚಿಸ್ತಿರಲಿಲ್ಲ. ರೇಡಿಯೇಷನ್ ವೈದ್ಯರು ಇದನ್ನ ಓದಿ ಏನೋ ಕಲಿತರು ಅಂತಲೂ ನಾನು ಹೇಳ್ತಿಲ್ಲ. ಆದ್ರೆ ಮುಂದಿನ ಕತೆಗೆ ಬೇಕಾದ ಸತ್ಯ ಇಲ್ಲಿದೆ: ಉಸಿರಿನ ಮೇಲೆ ಮನುಷ್ಯನಿಗೆ ಹಿಡಿತ ಇದೆ, ಸ್ವಲ್ಪ ಹೊತ್ತು ಮಾತ್ರ.

ಈಗ 1989. ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯ. ಒಹಾರಾ ಮತ್ತು ಅವರ ತಂಡ ಬೇರೆ ದಾರಿ ಹಿಡಿದರು. ಉಸಿರು ನಿಲ್ಲಿಸೋದೇ ಬೇಡ. ರೋಗಿ ತನ್ನ ಪಾಡಿಗೆ ಉಸಿರಾಡಲಿ, ನಾವು ಕಿರಣವನ್ನ ಉಸಿರಿಗೆ ಹೊಂದಿಸೋಣ. ಗಡ್ಡೆ ಸರಿಯಾದ ಜಾಗಕ್ಕೆ ಬಂದಾಗ ಯಂತ್ರ ಆನ್, ದಾಟಿದ ಕೂಡಲೇ ಆಫ್. ರೈಲ್ವೆ ಗೇಟ್ ಇದ್ದ ಹಾಗೆ. ಇದಕ್ಕೆ ಗೇಟಿಂಗ್ ಅಂತಾನೇ ಹೆಸರು. 1996ರಲ್ಲಿ ಅಮೆರಿಕದಲ್ಲಿ ಕುಬೊ ಮತ್ತು ಹಿಲ್ ಇದನ್ನ ಲೀನಿಯರ್ ಆಕ್ಸಿಲರೇಟರ್ ಯಂತ್ರಕ್ಕೆ ಹೊಂದಿಸಿ ತೋರಿಸಿದರು. ಆಮೇಲೆ ಬಂದ ವ್ಯವಸ್ಥೆಯಲ್ಲಿ ರೋಗಿಯ ಹೊಟ್ಟೆ ಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇಡ್ತಾರೆ. ಅದರ ಮೇಲಿನ ಹೊಳೆಯೋ ಚುಕ್ಕೆಗಳನ್ನ ಇನ್‌ಫ್ರಾರೆಡ್ ಕ್ಯಾಮೆರಾ ನೋಡ್ತಾ ಇರುತ್ತೆ. ಡಬ್ಬಿ ಏರಿಳಿದ ಹಾಗೆ ಪರದೆ ಮೇಲೆ ಅಲೆ ಮೂಡುತ್ತೆ.

ಅದೇ ಹೊತ್ತಿಗೆ ಸ್ವೀಡನ್ನಿನ ಕರೋಲಿನ್ಸ್ಕಾದಲ್ಲಿ ಇಂಗ್ಮಾರ್ ಲ್ಯಾಕ್ಸ್, ಹೆನ್ರಿಕ್ ಬ್ಲೊಮ್‌ಗ್ರೆನ್ ಇಬ್ಬರೂ ಮೈಗೆ ಒಂದು ಚೌಕಟ್ಟು ಮಾಡಿದರು. ರೋಗಿಯನ್ನ ಅದರಲ್ಲಿ ಮಲಗಿಸಿ ಹೊಟ್ಟೆ ಮೇಲೆ ಒಂದು ಹಲಗೆ ಒತ್ತಿ ಹಿಡಿಯೋದು. ಹೊಟ್ಟೆ ಉಬ್ಬೋಕೆ ಜಾಗ ಇಲ್ಲದಿದ್ರೆ ವಪೆಯ ಓಡಾಟ ಕಡಿಮೆ, ಗಡ್ಡೆಯ ಓಡಾಟವೂ ಕಡಿಮೆ. ಹೀಗೆ ಗುರಿ ಚಿಕ್ಕದಾಗಿದ್ದಕ್ಕೇ ಕೆಲವೇ ಸಲ, ಆದ್ರೆ ಜೋರಾಗಿ ಕಿರಣ ಕೊಡೋ ಧೈರ್ಯ ಬಂತು. ದೊಡ್ಡಪ್ಪನಿಗೆ ಕೊಟ್ಟ ಐದು ಸಲದ ಚಿಕಿತ್ಸೆಯ ಬೇರು ಅಲ್ಲಿದೆ.

1999ರಲ್ಲಿ ಎರಡು ಕಡೆಯಿಂದ "ಉಸಿರು ಹಿಡಿ" ಅನ್ನೋ ವಿಧಾನ ಬಂತು. ಮಿಷಿಗನ್ನಿನ ವಿಲಿಯಂ ಬ್ಯೂಮಾಂಟ್ ಆಸ್ಪತ್ರೆಯಲ್ಲಿ ವಾಂಗ್ ತಂಡದ ಉಪಕರಣ: ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ, ಕೊಳವೆಯಲ್ಲಿ ಒಂದು ಕವಾಟ. ಗೊತ್ತುಮಾಡಿದಷ್ಟು ಗಾಳಿ ಒಳಗೆ ಹೋದ ಕೂಡಲೇ ಕವಾಟ ಮುಚ್ಚಿ ಉಸಿರನ್ನ ಹಿಡಿದಿಡುತ್ತೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ರೋಗಿಯೇ ಆಳವಾಗಿ ಉಸಿರೆಳೆದು ಹಿಡಿಯೋ ವಿಧಾನ. ಇದರಲ್ಲಿ ಎರಡು ಲಾಭ ಇದೆ. ಗಡ್ಡೆ ನಿಲ್ಲುತ್ತೆ. ಜೊತೆಗೆ ಶ್ವಾಸಕೋಶ ಬಲೂನಿನ ಹಾಗೆ ಹಿಗ್ಗೋದ್ರಿಂದ ಕಿರಣದ ದಾರಿಗೆ ಸಿಗೋ ಒಳ್ಳೆ ಅಂಗಾಂಶ ಕಡಿಮೆಯಾಗುತ್ತೆ. ಪ್ರಾಣಾಯಾಮ ಗೊತ್ತಿರೋರು ಇದನ್ನ ಕುಂಭಕ ಅಂತಾರೆ.

ಹಾಗಾದ್ರೆ ಸಮಸ್ಯೆ ಮುಗೀತಾ? ಇಲ್ಲ. ಹೊಟ್ಟೆ ಮೇಲಿನ ಡಬ್ಬಿ ಅಲುಗೋದು ಬೇರೆ, ಒಳಗಿನ ಗಡ್ಡೆ ಅಲುಗೋದು ಬೇರೆ. ಹೊರಗೆ ನೋಡಿ ಒಳಗಿನದನ್ನ ಊಹಿಸ್ತಿದ್ರು. ಜಪಾನಿನ ಸಪ್ಪೊರೊದಲ್ಲಿ, ಹೊಕ್ಕೈಡೊ ವಿಶ್ವವಿದ್ಯಾಲಯದ ಶಿರಾಟೊ ತಂಡ ಗಡ್ಡೆಯ ಹತ್ತಿರವೇ ಎರಡು ಮಿಲಿಮೀಟರಿನ ಚಿನ್ನದ ಗುಂಡು ಇಟ್ಟಿತು. ಎಕ್ಸ್-ರೇ ಕ್ಯಾಮೆರಾಗಳು ಆ ಗುಂಡನ್ನ ಸೆಕೆಂಡಿಗೆ 30 ಸಲ ನೋಡ್ತಿದ್ವು. ಗುಂಡು ಗೊತ್ತಾದ ಜಾಗದಲ್ಲಿದ್ರೆ ಮಾತ್ರ ಕಿರಣ. ಆ ದಾಖಲೆಗಳಿಂದ 2002ರಲ್ಲಿ 20 ರೋಗಿಗಳ ವಿಶ್ಲೇಷಣೆ ಬಂತು. ಶ್ವಾಸಕೋಶದ ಕೆಳಭಾಗದಲ್ಲಿದ್ದು, ಎಲುಬಿನಂಥ ಗಟ್ಟಿ ಭಾಗಕ್ಕೆ ಅಂಟಿಕೊಳ್ಳದ ಗಡ್ಡೆಗಳು ಸರಾಸರಿ 12 ಮಿಲಿಮೀಟರ್ ಮೇಲೆ ಕೆಳಗೆ ಓಡಾಡ್ತಿದ್ವು. ಹಲವರಲ್ಲಿ ಗಡ್ಡೆ ಹೋದ ದಾರಿಯಲ್ಲೇ ವಾಪಸ್ ಬರ್ತಿರಲಿಲ್ಲ, ಸುತ್ತು ಹಾಕಿ ಬರ್ತಿತ್ತು. ಕೆಲವರಲ್ಲಿ ಹೃದಯದ ಬಡಿತಕ್ಕೂ ಅದುರ್ತಿತ್ತು. ಅಂದ್ರೆ ಒಬ್ಬರ ಅಲುಗಾಟದ ಹಾಗೆ ಇನ್ನೊಬ್ಬರದ್ದಿಲ್ಲ.

ಇದೇ ಕಾಲದಲ್ಲಿ, 2000ದಲ್ಲಿ, ಶ್ವೈಕಾರ್ಡ್, ಸ್ಟ್ಯಾನ್‌ಫರ್ಡ್‌ನ ಆಡ್ಲರ್ ಮತ್ತಿತರರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಯಂತ್ರವನ್ನೇ ರೋಬೋ ತೋಳಿಗೆ ಕಟ್ಟಿ, ಗಡ್ಡೆ ಹೋದ ಕಡೆ ಅದೂ ಹೋಗೋ ಹಾಗೆ ಮಾಡಿದರು. ಕ್ಯಾಮೆರಾ ನೋಡಿ ತೋಳು ಸರಿಯೋಕೆ ಕ್ಷಣದ ಒಂದು ಪಾಲು ತಡ ಆಗುತ್ತೆ, ಅಷ್ಟರಲ್ಲಿ ಗಡ್ಡೆ ಮುಂದೆ ಹೋಗಿರುತ್ತೆ. ಹಾಗಾಗಿ ಮುಂದಿನ ಉಸಿರು ಹೇಗಿರುತ್ತೆ ಅಂತ ಕಂಪ್ಯೂಟರ್ ಮೊದಲೇ ಅಂದಾಜು ಮಾಡಬೇಕು. ಲಗೋರಿ ಆಡುವಾಗ ಓಡೋನಿಗೆ ಚೆಂಡು ಹೊಡೀಬೇಕಾದ್ರೆ ಅವನು ಇರೋ ಕಡೆ ಅಲ್ಲ, ಹೋಗೋ ಕಡೆ ಹೊಡೀತೀವಲ್ಲ, ಹಾಗೆ.

2003ರ ಹೊತ್ತಿಗೆ ಸಿಟಿ ಸ್ಕ್ಯಾನೇ ಬದಲಾಯ್ತು. ಒಂದು ಉಸಿರನ್ನ ಸಾಮಾನ್ಯವಾಗಿ ಹತ್ತು ಹಂತ ಮಾಡಿ, ಪ್ರತಿ ಹಂತದ ಚಿತ್ರ ಜೋಡಿಸಿ, ಗಡ್ಡೆಯ ಓಡಾಟವನ್ನ ಸಿನಿಮಾ ಥರ ತೋರಿಸೋ ಸ್ಕ್ಯಾನ್ ಬಂತು. ಅದಕ್ಕೆ ಫೋರ್-ಡಿ ಸಿಟಿ ಅಂತಾರೆ. ವೈದ್ಯರು ನಮಗೆ ತೋರಿಸಿದ್ದು ಅದನ್ನೇ. 2006ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ, ಪಾಲ್ ಕೀಲ್ ನೇತೃತ್ವದ ತಂಡದ ವರದಿ ಪ್ರಕಟಿಸಿತು. ಇವತ್ತಿಗೂ ಈ ವಿಷಯ ಓದೋರೆಲ್ಲ ತೆಗೆದು ನೋಡೋ ವರದಿ ಅದು. ಗಡ್ಡೆ 5 ಮಿಲಿಮೀಟರಿಗಿಂತ ಹೆಚ್ಚು ಅಲುಗಿದ್ರೆ ಅದಕ್ಕೆ ಏನಾದ್ರೂ ಉಪಾಯ ಮಾಡಿ ಅನ್ನುತ್ತೆ. ಜೊತೆಗೆ ಇನ್ನೊಂದು ಮಾತೂ ಇದೆ: ಆ ಉಪಾಯವನ್ನ ರೋಗಿ ತಡೆದುಕೊಳ್ಳಬಲ್ಲನಾ ಅಂತ ನೋಡಿ.

ಇಷ್ಟು ವರ್ಷದ ವಿದ್ಯೆ ನಮ್ಮ ದೊಡ್ಡಪ್ಪನ ಮುಂದೆ ಬಂದು ನಿಂತಾಗ ಏನಾಯ್ತು ಕೇಳಿ.

ಮೊದಲು ಉಸಿರು ಹಿಡಿಯೋ ವಿಧಾನ ನೋಡೋಣ ಅಂದ್ರು. ಇಪ್ಪತ್ತು ಸೆಕೆಂಡ್ ಹಿಡಿದ್ರೆ ಒಳ್ಳೇದು. ದೊಡ್ಡಪ್ಪನನ್ನ ಒಳಗೆ ಮಲಗಿಸಿ ಎಲ್ಲರೂ ಹೊರಗೆ ಬಂದ್ರು. ಸ್ಪೀಕರಿನಲ್ಲಿ ರೆಕಾರ್ಡ್ ಮಾಡಿದ ದನಿ ಬಂತು. ಮೊದಲು ಇಂಗ್ಲಿಷು, ಆಮೇಲೆ ಹಿಂದಿ. ಪರದೆ ಮೇಲೆ ಅಲೆ ಹುಚ್ಚುಹುಚ್ಚಾಗಿ ಏರಿಳೀತಾ ಇತ್ತು. ತಂತ್ರಜ್ಞರು ನನ್ನ ಕಡೆ ತಿರುಗಿ, "ಪೇಷೆಂಟ್ ಕೋಆಪರೇಟ್ ಮಾಡ್ತಿಲ್ಲ," ಅಂದ್ರು. ದೊಡ್ಡಪ್ಪ ಹೊರಗೆ ಬಂದಾಗ ಬೆವೆತುಹೋಗಿದ್ರು. "ಯಾವಾಗ ಹಿಡೀಬೇಕು, ಯಾವಾಗ ಬಿಡಬೇಕು ತಿಳೀಲಿಲ್ಲಲೇ. ಬಿಟ್ರೆ ಎಲ್ಲಿ ಕೆಡ್ತದೋ ಅಂತ ಹೆದರಿಕೆ ಆತು," ಅಂದ್ರು.

ಆ ರಾತ್ರಿ ಲಾಡ್ಜಿನ ರೂಮಿನಲ್ಲಿ ಫೋನ್ ತೆಗೆದು ರೆಕಾರ್ಡ್ ಒತ್ತಿದೆ. "ದೊಡ್ಡಪ್ಪ, ಸುಮ್ನೆ ಉಸಿರಾಡು. ಈಗ ಮೆಲ್ಲಕೆ ಎಳ್ಕೋ. ಇನ್ನೂ ಸ್ವಲ್ಪ. ಹಿಡ್ಕೋ. ಒಂದು, ಎರಡು, ಮೂರು..." ಹಿನ್ನೆಲೆಯಲ್ಲಿ ಫ್ಯಾನಿನ ಸದ್ದು. 42 ಸೆಕೆಂಡ್. ಒಂದು ವಾರ ಬೆಳಿಗ್ಗೆ ಸಂಜೆ ಅದನ್ನ ಹಾಕಿಕೊಂಡು ಅಭ್ಯಾಸ ಮಾಡಿದ್ವಿ. ದೊಡ್ಡಪ್ಪ ಮೊದಲ ದಿನ ಆರು ಸೆಕೆಂಡ್ ಹಿಡಿದ್ರು. ಕೊನೇ ದಿನ ಒಂಬತ್ತು. ಅದರ ಮೇಲೆ ಒಂದು ಸೆಕೆಂಡೂ ಆಗಲಿಲ್ಲ. ಕೆಮ್ಮು ಕಿತ್ತುಕೊಂಡು ಬರ್ತಿತ್ತು.

ನನಗೆ ಸೋತ ಹಾಗೆ ಅನ್ನಿಸ್ತು. ಆದ್ರೆ ವೈದ್ಯರಿಗೆ ಆ ವಾರದ ಅಭ್ಯಾಸದಿಂದ ಬೇರೆ ಏನೋ ಸಿಕ್ಕಿತ್ತು. ಕನ್ನಡದ ಆ ದನಿ ಕೇಳಿದಾಗ ದೊಡ್ಡಪ್ಪನ ಸಾಮಾನ್ಯ ಉಸಿರು ಒಂದು ಹದಕ್ಕೆ ಬಂದಿತ್ತು. ಅಲೆ ಸಮ ಆಗಿತ್ತು. "ಹಿಡಿಯೋದು ಬೇಡ ಬಿಡಿ. ಅವರು ಆರಾಮಾಗಿ ಉಸಿರಾಡಲಿ. ಪೂರ್ತಿ ಉಸಿರು ಬಿಟ್ಟ ಮೇಲೆ ಎದೆ ಒಂದು ಗಳಿಗೆ ನಿಲ್ಲುತ್ತಲ್ಲ, ಅಷ್ಟು ಹೊತ್ತು ಮಾತ್ರ ನಾವು ಕಿರಣ ಬಿಡ್ತೀವಿ," ಅಂದ್ರು. ತ್ಸುಕುಬಾದ ಅದೇ ಗೇಟು. ಸಮಯ ಜಾಸ್ತಿ ಹಿಡೀತು, ಯಾಕಂದ್ರೆ ಪ್ರತಿ ಉಸಿರಿನಲ್ಲಿ ಸುಮಾರು ಮೂರನೇ ಒಂದು ಪಾಲು ಹೊತ್ತು ಮಾತ್ರ ಯಂತ್ರ ಕೆಲಸ ಮಾಡ್ತಿತ್ತು. ಐದೂ ಸಲ ನನ್ನ ಫೋನಿನ ದನಿಯನ್ನೇ ಸ್ಪೀಕರಿಗೆ ಹಾಕಿದ್ರು, "ಹಿಡ್ಕೋ" ಅನ್ನೋ ಭಾಗ ಬಿಟ್ಟು.

ಈ ಚರಿತ್ರೆಯಲ್ಲಿ ನನಗೆ ಕಂಡಿದ್ದು ಇದು. ಉಸಿರು ಹಿಡಿಯೋದು ಒಳ್ಳೆ ವಿಧಾನವೇ, ಹಿಡಿಯಬಲ್ಲವರಿಗೆ. ಆದ್ರೆ ಶ್ವಾಸಕೋಶದ ಕ್ಯಾನ್ಸರ್ ಬರೋರಲ್ಲಿ ಎಷ್ಟೋ ಜನರ ಶ್ವಾಸಕೋಶ ಮೊದಲೇ ಸೋತಿರುತ್ತೆ. ಅವರಿಗೆ ಹಿಡಿ ಅನ್ನೋದು ಕುಂಟನಿಗೆ ಓಡು ಅಂದ ಹಾಗೆ. ಯಂತ್ರವೇ ರೋಗಿಯ ಉಸಿರಿಗೆ ಕಾಯೋದನ್ನ ಕಲಿತದ್ದರಿಂದ ಈ ವಿದ್ಯೆ ಬಲವಾದವರನ್ನ ದಾಟಿ ನಮ್ಮ ದೊಡ್ಡಪ್ಪನಂಥವರ ತನಕ ಬಂತು.

ಫಲ ಸಿಕ್ತಾ? 2010ರಲ್ಲಿ ಟಿಮ್ಮರ್‌ಮನ್ ತಂಡದ ಅಮೆರಿಕದ ಅಧ್ಯಯನ ಬಂತು. ಆಪರೇಷನ್ ಮಾಡೋಕಾಗದ, ಆರಂಭದ ಹಂತದ 55 ರೋಗಿಗಳಿಗೆ ಮೂರೇ ಸಲ ಜೋರಾದ ರೇಡಿಯೇಷನ್. ಮೂರು ವರ್ಷದ ನಂತರ, ಚಿಕಿತ್ಸೆ ಕೊಟ್ಟ ಗಡ್ಡೆ ಹತೋಟಿಯಲ್ಲಿದ್ದ ಪ್ರಮಾಣ 97.6%. ಖುಷಿಯಾಗುತ್ತೆ ಅಲ್ವಾ? ಅದೇ ಪುಟದಲ್ಲಿ ಇನ್ನೊಂದು ಅಂಕಿ ಇದೆ. ಮೂರು ವರ್ಷ ಬದುಕುಳಿದವರು 55.8%. ಗಡ್ಡೆ ಸುಟ್ಟರೂ ಕೆಲವರಲ್ಲಿ ಕ್ಯಾನ್ಸರ್ ಬೇರೆ ಕಡೆ ಕಾಣಿಸ್ಕೊಂಡಿತು, ಇನ್ನು ಕೆಲವರ ಮೈಯಲ್ಲಿ ಬೇರೆ ಕಾಯಿಲೆಗಳಿದ್ವು. ನಮ್ಮ ದೊಡ್ಡಪ್ಪನಿಗೆ ನಾಲ್ಕು ವರ್ಷ ಸಿಕ್ತು. ಪ್ರತಿ ಸ್ಕ್ಯಾನಿನಲ್ಲೂ ಆ ಜಾಗದಲ್ಲಿ ಗಾಯದ ಕಲೆ ಮಾತ್ರ ಇತ್ತು. ಎರಡು ಮೊಮ್ಮಕ್ಕಳ ನಾಮಕರಣ ನೋಡಿದ್ರು. 2018ರ ಚಳಿಗಾಲದಲ್ಲಿ ಅವರನ್ನ ಕರ್ಕೊಂಡು ಹೋಗಿದ್ದು ಹಳೇ ದಮ್ಮು, ಗಡ್ಡೆ ಅಲ್ಲ. ಬೀಡಿ ಬಿಟ್ಟಿದ್ರು, ತಡವಾಗಿತ್ತು.

ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಎದೆಯ ರೇಡಿಯೇಷನ್ ಶುರುವಾಗೋದಿದ್ರೆ, ಸಂಕೋಚ ಬಿಟ್ಟು ಮೂರು ಪ್ರಶ್ನೆ ಕೇಳಿ. ಗಡ್ಡೆ ಎಷ್ಟು ಅಲುಗ್ತಿದೆ, ಅಳೆದಿದ್ದೀರಾ? ಅದಕ್ಕೆ ಯಾವ ಉಪಾಯ ಮಾಡ್ತೀರಿ, ನಮ್ಮವರಿಗೆ ಅದು ಆಗುತ್ತಾ? ಒಳಗೆ ಮಲಗಿದಾಗ ಸೂಚನೆ ಯಾವ ಭಾಷೆಯಲ್ಲಿ ಕೇಳಿಸುತ್ತೆ? ಮೂರನೆಯದಕ್ಕೆ ಸರಿಯಾದ ಉತ್ತರ ಸಿಗದಿದ್ರೆ ನಿಮ್ಮ ಜೇಬಿನಲ್ಲಿ ಫೋನ್ ಇದೆ, ಮನೆಯವರ ದನಿ ಇದೆ. ರೆಕಾರ್ಡ್ ಮಾಡಿ ವೈದ್ಯರಿಗೆ ತೋರಿಸಿ.

ನನ್ನ ಆ 42 ಸೆಕೆಂಡಿನ ಫೈಲಿನ ಕೊನೆಯಲ್ಲಿ ದೊಡ್ಡಪ್ಪ ಕೆಮ್ಮೋದು ಕೇಳುತ್ತೆ. ಆಮೇಲೆ, "ಸಾಕಲೇ, ಊಟ ಮಾಡೋಣ ನಡಿ," ಅಂತಾರೆ. ಅಲ್ಲಿಗೆ ಕಟ್ ಆಗುತ್ತೆ.

ಈಗ ಹೊಟ್ಟೆ ಮೇಲಿಂದ ಕೈ ತೆಗೀಬಹುದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.